ಹಿನ್ನೀರಿಗೊಂದು ನಕಾಶೆ

ಲ್ಯಾಪ್‌ಟಾಪಿನಲ್ಲಿ ಓಡುವ ಓಪನ್‌ಸಿಪಿಎನ್‌ನಂಥ ಉಚಿತ ನೌಕಾ ತಂತ್ರಾಂಶದ ಹೆಚ್ಚುಗಾರಿಕೆ ದೋಣಿ ಎಲ್ಲಿದೆಯೆಂದು ತೋರಿಸುವುದರಲ್ಲಿಲ್ಲ. ಅಷ್ಟನ್ನು ಮೊಬೈಲೂ ಮಾಡುತ್ತದೆ. ದೋಣಿಯ ಅಡಿಯಲ್ಲಿ ಏನಿದೆ ಎಂಬುದನ್ನೂ ಜೊತೆಗೇ ಕಾಣಿಸುವುದು ಅದರ ದೊಡ್ಡ ಗುಣ. ಶರಾವತಿ ಹಿನ್ನೀರಿಗೆ ಬೇಕಾದದ್ದು ಅದೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಸಾಗರ, ಹೊಸನಗರ ಸೀಮೆಯ ಊರು, ಗದ್ದೆಗಳೊಂದಿಗೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಜಲಾಶಯ ಪೂರ್ಣಮಟ್ಟವಾದ 1819 ಅಡಿಗೆ ತುಂಬಿದಾಗ ಆ ಕಟ್ಟೆ ಕಾಣುವುದೇ ಇಲ್ಲ. ನೀರು ತೀರ ಇಳಿದ ಬೇಸಿಗೆಯಲ್ಲಿ ಇಡಿಯಾಗಿ ಎದ್ದು ನಿಲ್ಲುತ್ತದೆ. ಅಪಾಯವಿರುವುದು ಈ ಎರಡರ ನಡುವೆ, ಕಲ್ಲು ನೀರಿನ ಮೈಗೆ ಸ್ವಲ್ಪವೇ ಕೆಳಗಿರುವಾಗ. ಕಡಲ ನಕಾಶೆಯಲ್ಲಿ ಆಳವನ್ನು ಇಳಿತದ ಮಟ್ಟದಿಂದ ಲೆಕ್ಕಹಾಕಿ ಬರೆಯುತ್ತಾರೆ. ಇಲ್ಲಿಯೂ ಮುಳುಗಡೆಗೆ ಮುಂಚಿನ ಸರ್ವೆ ನಕಾಶೆ, ಬೇಸಿಗೆಯ ಉಪಗ್ರಹ ಚಿತ್ರ ಎರಡನ್ನೂ ತೆರೆಗೆ ಏರಿಸಿ, ಆ ದಿನದ ಜಲಮಟ್ಟದಿಂದ ನೆಲದ ಎತ್ತರವನ್ನು ಕಳೆದರೆ ಆಳದ ಅಂದಾಜು ಸಿಗುತ್ತದೆ.

ಹಿನ್ನೀರಿನಲ್ಲಿ ಜನರನ್ನು ದಾಟಿಸುವ ಲಾಂಚ್ ನಡೆಸುವವರಿಗೆ ಇದೆಲ್ಲ ಬಾಯಿಪಾಠ, ಯಂತ್ರವೇಕೆ ಎನ್ನಬಹುದು. ನಿಜ, ಅವರ ಕಣ್ಣಳತೆಯ ಮುಂದೆ ಯಾವ ತೆರೆಯೂ ದೊಡ್ಡದಲ್ಲ. ಆದರೆ 2025ರಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದೆ. ದಾಟಿಸುವ ಕೆಲಸ ತಪ್ಪಿದರೆ ಆ ತಿಳಿವಳಿಕೆ ಮುಂದಿನವರಿಗೆ ದಾಟುವುದೆಲ್ಲಿ? ಅವರು ತೋರಿಸಿದ ಬಂಡೆ, ಮರದ ಬೊಡ್ಡೆಗಳನ್ನು ಗುರುತಾಗಿ ಉಳಿಸಲು ಈ ತಂತ್ರಾಂಶ ತಕ್ಕದ್ದು. ಹಳೆಯ ಸರ್ವೆಯ ಅಕ್ಷಾಂಶ, ರೇಖಾಂಶ ಜಿಪಿಎಸ್ ಲೆಕ್ಕಕ್ಕೆ ನೇರ ಹೊಂದುವುದಿಲ್ಲ ಎಂಬ ಆಕ್ಷೇಪ ಹೆಚ್ಚು ಗಟ್ಟಿಯದು. ಹಾಗೇ ಹಾಕಿದರೆ ನೀರಿನಲ್ಲಿರುವ ದೋಣಿ ದಡದ ಮೇಲೆ ಕಂಡೀತು. ಆದ್ದರಿಂದ ಮುಳುಗದೆ ಉಳಿದ ಗುಡ್ಡದ ನೆತ್ತಿಗಳನ್ನು ಹಿಡಿದು ನಕಾಶೆಯನ್ನು ಮೊದಲು ಕೂರಿಸಿಕೊಳ್ಳಬೇಕು.