ಚಾಲೂ ಆಗದ ಕಂಪ್ಯೂಟರ್: ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ಮನೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಹಳೆಯ ಕಂಪ್ಯೂಟರನ್ನು ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ ಅದಕ್ಕೆ ಒಂದು ಸಂಜೆ ಕೊಡಿ. ಬಾಗಲಕೋಟೆಯ ನವನಗರದವರಿಗೆ ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟವರು ಇಲ್ಲಿನ ಸೆಕ್ಟರುಗಳಲ್ಲಿ ಹೊಸ ಮನೆ ಕಟ್ಟಿಕೊಂಡ ಕಾಲವೂ ಕಂಪ್ಯೂಟರು ಮಧ್ಯಮ ವರ್ಗದ ಹೊಸ್ತಿಲು ದಾಟಿದ ಕಾಲವೂ ಹೆಚ್ಚೂಕಡಿಮೆ ಒಂದೇ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದ ಏಪ್ರಿಲ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಪೆಂಟಿಯಮ್ 4 ಬಂತು, ಮರುವರ್ಷ ವಿಂಡೋಸ್ ಎಕ್ಸ್‌ಪಿ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಕನ್ನಡ ಟೈಪಿಸುವ ಈ ಎರಡು ತಂತ್ರಾಂಶಗಳೂ ಆ ಆಸುಪಾಸಿನ ವರ್ಷಗಳಲ್ಲೇ ಕೈಗೆ ಸಿಕ್ಕವು. ಊರು ಎತ್ತಂಗಡಿಯಾದ ದಿನಗಳ ಅರ್ಜಿ, ಪರಿಹಾರದ ಲೆಕ್ಕ, ಸಂಘದ ಠರಾವು, ಹೊಸ ಮನೆಯ ವಾಸ್ತುಶಾಂತಿಯ ಕಾರ್ಡು, ಇವೆಲ್ಲ ಇಂಥ ಯಂತ್ರಗಳ ಮೇಲೆಯೇ ಟೈಪಾದವು. ಹಾಗಾಗಿ ನಮ್ಮೂರಿನ ಹಳೆಯ ಕಂಪ್ಯೂಟರೊಳಗೆ ನಮ್ಮೂರಿನ ಕಾಗದಪತ್ರ ಇದೆ ಎಂದೇ ನಾನು ನಂಬಿದವನು.

ಹುನಗುಂದದ ಓದುಗರೊಬ್ಬರು ಹೋದ ವಾರ ಫೋನಿನಲ್ಲಿ ಕೇಳಿದರು: ‘ಸರ, ನಮ್ಮ ಸಿಸ್ಟಮ್ ಚಾಲೂನ ಆಗವಲ್ದ್ರಿ. ಏನ್ ಹೋಗಿರಬಹುದ್ರಿ?’ ಈ ಒಂದು ದೂರಿನೊಳಗೆ ಬೇರೆ ಬೇರೆ ಕಾಯಿಲೆಗಳಿವೆ. ಬಟನ್ ಒತ್ತಿದರೆ ಸದ್ದೇ ಇಲ್ಲವೋ? ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೋ? ಬೀಪ್ ಬೀಪ್ ಎನ್ನುತ್ತದೋ? ವಿಂಡೋಸ್ ಲಾಂಛನದವರೆಗೆ ಬಂದು ಮತ್ತೆ ಮೊದಲಿಂದ ಶುರುವಾಗುತ್ತದೋ? ಇದಿಷ್ಟನ್ನು ಕಣ್ಣಿಟ್ಟು ನೋಡಿ, ಕಿವಿಗೊಟ್ಟು ಕೇಳಿದರೆ ಅರ್ಧ ರಿಪೇರಿ ಮುಗಿದ ಹಾಗೆ. ನೋಡದೆ ಕೇಳದೆ ‘ಮದರ್‌ಬೋರ್ಡ್ ಹೋಗೇತಿ’ ಎಂದು ಹೇಳುವವರ ಕೈಗೆ ಯಂತ್ರ ಕೊಡಬೇಡಿ.

ಕರೆಂಟು ಯಾವ ದಾರಿಯಲ್ಲಿ ಹರಿಯುತ್ತದೋ ಅದೇ ದಾರಿಯಲ್ಲಿ ಹುಡುಕುತ್ತ ಹೋಗಬೇಕು. ಸದ್ದೇ ಇಲ್ಲದ ಯಂತ್ರವಾದರೆ ಮೊದಲು ಯುಪಿಎಸ್ಸನ್ನು ಬದಿಗಿಟ್ಟು ವೈರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ. ಒಳಗಿನ ಬ್ಯಾಟರಿ ಸತ್ತ ಯುಪಿಎಸ್‌ನಿಂದಾಗಿ ಕಂಪ್ಯೂಟರೇ ಸತ್ತಿತೆಂದು ತಿಳಿದ ಮನೆಗಳು ಕಡಿಮೆಯೇನಿಲ್ಲ. ಹಿಂಬದಿಯಲ್ಲಿ, ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಪಕ್ಕ ಕೆಂಪು ಬಣ್ಣದ ಚಿಕ್ಕ ಸ್ವಿಚ್ ಇದ್ದರೆ ಅದು 230ರ ಕಡೆಗೇ ಇರಬೇಕು. ಧೂಳು ಒರೆಸುವಾಗ ಬೆರಳು ತಾಗಿ 115ಕ್ಕೆ ಸರಿದಿದ್ದರೆ, ಬಟನ್ ಒತ್ತುವ ಮುಂಚೆಯೇ, ಪ್ಲಗ್ ಹಾಕಿದ ಕ್ಷಣಕ್ಕೇ ‘ಢಂ’ ಎಂದು ಒಳಗಿನ ಭಾಗ ಸುಡುತ್ತದೆ.

ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸುವ ಬಗೆ ಸುಲಭ. ಪ್ಲಗ್ ತೆಗೆದು, ಮದರ್‌ಬೋರ್ಡಿಗೆ ಹೋಗುವ ಅಗಲ ಕನೆಕ್ಟರನ್ನೂ ಉಳಿದ ವೈರುಗಳನ್ನೂ ಬಿಡಿಸಿ. ಆ ಗೊಂಚಲಿನಲ್ಲಿ ಹಸಿರು ವೈರು ಒಂದೇ ಇರುತ್ತದೆ. ಪೇಪರ್ ಕ್ಲಿಪ್ಪಿನಿಂದ ಹಸಿರಿಗೂ ಯಾವುದಾದರೂ ಒಂದು ಕಪ್ಪಿಗೂ ಸೇರಿಸಿ, ಹಳೆಯ ಸಿಡಿ ಡ್ರೈವ್ ಒಂದನ್ನು ಭಾರಕ್ಕೆಂದು ತಗುಲಿಸಿ, ಆಮೇಲೆ ಪ್ಲಗ್ ಹಾಕಿ. ಫ್ಯಾನ್ ತಿರುಗಿದರೆ ಜೀವ ಇದೆ ಎಂದಷ್ಟೇ ಅರ್ಥ, ಆರೋಗ್ಯ ಇದೆ ಎಂದಲ್ಲ. ಆರೋಗ್ಯ ಹೇಳುವುದು ಮಲ್ಟಿಮೀಟರ್: ಹಳದಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಎಸ್‌ಎಂಪಿಎಸ್ ಬದಲಿಸಿ. ಇನ್ನು ನೇರಳೆ ಬಣ್ಣದ ವೈರಿನಲ್ಲಿ, ಕಂಪ್ಯೂಟರ್ ಆಫ್ ಇದ್ದರೂ 5 ವೋಲ್ಟ್ ಬರುತ್ತಲೇ ಇರಬೇಕು. ಅದು ಇಲ್ಲದಿದ್ದರೆ ಮುಂದಿನ ಬಟನ್ ಎಷ್ಟು ಒತ್ತಿದರೂ ಬೋರ್ಡಿಗೆ ಎಚ್ಚರವೇ ಆಗುವುದಿಲ್ಲ. ಡಬ್ಬಿಯನ್ನು ಬಿಚ್ಚಿ ಒಳಗೆ ಕೈಹಾಕುವ ಹುಮ್ಮಸ್ಸು ಮಾತ್ರ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಹಳೆಯ ಡುಬ್ಬದ ಮಾನಿಟರ್ ಒಳಗಂತೂ ಇನ್ನೂ ಅಪಾಯ, ಅಲ್ಲಿ ಓಡಾಡುವುದು ಸಾವಿರಗಟ್ಟಲೆ ವೋಲ್ಟು.

ಇಲ್ಲೊಂದು ಮಾತು ಸೇರಿಸಲೇಬೇಕು. ಕ್ಯಾಬಿನೆಟ್ಟಿನ ತಗಡಿಗೆ ಕೈ ಆನಿಸಿದರೆ ‘ಜುಮ್ ಅಂತೈತ್ರಿ’ ಎಂದು ನವನಗರದಲ್ಲಿ ಎಷ್ಟೋ ಮನೆಯವರು ಹೇಳುತ್ತಾರೆ. ಅದು ಎಸ್‌ಎಂಪಿಎಸ್ ಕೆಟ್ಟ ಗುರುತಲ್ಲ, ಸಾಮಾನ್ಯವಾಗಿ ಮನೆಗೆ ಅರ್ಥಿಂಗ್ ಸರಿಯಿಲ್ಲದ ಗುರುತು. ಗದ್ದಲದ ಅಲೆಗಳನ್ನು ಸೋಸಲು ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಎರಡು ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಚೂರು ಕರೆಂಟನ್ನು ತಗಡಿನ ಮೂಲಕ ಭೂಮಿಗೆ ಬಿಡಬೇಕು. ಭೂಮಿಗೆ ದಾರಿ ಇಲ್ಲದಾಗ ತಗಡಿನ ಮೇಲೆ ಸರಬರಾಜಿನ ಅರ್ಧದಷ್ಟು, ಅಂದರೆ 115ರ ಹತ್ತಿರದ ವೋಲ್ಟೇಜು ತೇಲುತ್ತ ಕೂರುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆಯಾದ್ದರಿಂದ ಬರೀ ಜುಮ್ ಎನ್ನುತ್ತದೆ. ಆದರೆ ಆ ಸ್ಥಿತಿಯಲ್ಲಿ ಪ್ರಿಂಟರ್ ಕೇಬಲ್ಲನ್ನೋ ಪೆನ್‌ಡ್ರೈವನ್ನೋ ಚುಚ್ಚಿದರೆ ಪೋರ್ಟು ಸುಟ್ಟುಹೋದೀತು. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಆಗಾಗ ಕೊಡ ನೀರು ಸುರಿಯುವ ಹಿರಿಯರ ಪದ್ಧತಿ ಸರಿಯಾದದ್ದೇ, ಬಿಡಬೇಡಿ. ಮೂರನೆಯ ಪಿನ್ ಮುರಿದು ಎರಡೇ ಪಿನ್ನಿನ ಪ್ಲಗ್ಗಿನಲ್ಲಿ ಕಂಪ್ಯೂಟರ್ ನಡೆಸುವುದನ್ನು ಇವತ್ತೇ ನಿಲ್ಲಿಸಿ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇದ್ದರೆ, ಅಂಗಡಿಯ ಭಾಷೆಯಲ್ಲಿ ‘ಡಿಸ್‌ಪ್ಲೇ ಇಲ್ಲ’. ಆಗ ಮೊದಲ ಗುಮಾನಿ ರ‍್ಯಾಮ್ ಮೇಲೆ. ನಮ್ಮ ಸೀಮೆಯ ಧೂಳು ಸಾಮಾನ್ಯದ್ದಲ್ಲ. ಏಪ್ರಿಲ್ ಗಾಳಿಗೆ ಎದ್ದು ಬರುವ ಎರೆಮಣ್ಣಿನ ಪುಡಿ ಒಂದು, ಇಳಕಲ್ಲಿನ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಏಳುವ ಕಲ್ಲಿನ ಹಿಟ್ಟು ಇನ್ನೊಂದು, ಮಗ್ಗ ಇರುವ ಮನೆಗಳಲ್ಲಿ ನೂಲಿನ ಎಳೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಈ ಎಳೆ ಸೇರಿಕೊಂಡು, ಮೇಲೆ ಧೂಳು ಕೂತು, ಗಾಳಿ ನುಸುಳಲು ಸಂದೇ ಇರುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿಗೆ ಬೆರಳು ಅಡ್ಡ ಕೊಡಿ, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಬಿಳಿ ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಪುಡಿ ಝಾಡಿಸಿ, ಎರಡೂ ಕಡೆಯ ಚಿಲಕ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಹಾರ್ಡ್ ಡಿಸ್ಕ್, ಸಿಡಿ ಡ್ರೈವ್, ಮೋಡೆಮ್ ಕಾರ್ಡ್ ಎಲ್ಲ ಬಿಡಿಸಿ, ಬೋರ್ಡು, ಪ್ರೊಸೆಸರ್, ಒಂದು ರ‍್ಯಾಮ್, ಎಸ್‌ಎಂಪಿಎಸ್ ಇಷ್ಟನ್ನೇ ಉಳಿಸಿಕೊಂಡು ಚಾಲೂ ಮಾಡುವುದು ಈ ಕಸುಬಿನ ದೊಡ್ಡ ವಿದ್ಯೆ. ರ‍್ಯಾಮ್ ಪೂರ್ತಿ ತೆಗೆದು ಬಟನ್ ಒತ್ತಿದಾಗ ಸ್ಪೀಕರ್ ಬೀಪ್ ಎಂದರೆ ಹಿಗ್ಗಿ. ರ‍್ಯಾಮ್ ಇಲ್ಲವೆಂದು ದೂರುವಷ್ಟು ಬೋರ್ಡು ಬದುಕಿದೆ ಎಂದರ್ಥ.

ಬೋರ್ಡಿನ ಮೇಲೆ ಟಾರ್ಚ್ ಬಿಡುವುದನ್ನು ಮರೆಯಬೇಡಿ. ಊರಿನ ಓರಗೆಯ ಈ ಯಂತ್ರಗಳಿಗೆ ಹುಟ್ಟುತ್ತಲೇ ಬಂದ ಒಂದು ರೋಗ ಇದೆ. 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಮಾರಾಟವಾದ ಅಸಂಖ್ಯ ಮದರ್‌ಬೋರ್ಡುಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳಿದ್ದವು. ದ್ರಾವಣ ಒಳಗೊಳಗೇ ಅನಿಲವಾಗಿ ಒತ್ತಡ ಹೆಚ್ಚಿಸುತ್ತಿತ್ತು. ಇಂಥ ಬೋರ್ಡುಗಳ ಬದಲಾವಣೆಗೆಂದು ಡೆಲ್ ಕಂಪನಿ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಪ್ರೊಸೆಸರಿನ ಸುತ್ತ ಸಾಲಾಗಿ ನಿಂತ ಪುಟ್ಟ ಕೊಳವೆಗಳನ್ನು ನೋಡಿ. ನೆತ್ತಿಯ ಮೇಲೆ ಅಡ್ಡಗೆರೆ ಕೊರೆದ ಲೋಹದ ಮುಚ್ಚಳ ಸಪಾಟಾಗಿರಬೇಕು. ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿದ್ದರೆ, ಕಂದು ಬಣ್ಣದ ಅಂಟು ಒಸರಿದ್ದರೆ, ಕಳ್ಳ ಸಿಕ್ಕಿಬಿದ್ದ. ಬೆಳಗಿನ ಥಂಡಿಯಲ್ಲಿ ಹತ್ತಾರು ಸಲ ಬಟನ್ ಒತ್ತಿಸಿಕೊಂಡು, ಒಮ್ಮೆ ಬಿಸಿಯಾದ ಮೇಲೆ ದಿನವಿಡೀ ಸರಿಯಾಗಿ ನಡೆಯುವ ಯಂತ್ರದ ಕಾಯಿಲೆಯೂ ಬಹುಮಟ್ಟಿಗೆ ಇದೇ. ಸೊರಗಿದ ಕೆಪಾಸಿಟರ್ ಚಳಿಯಲ್ಲಿ ಇನ್ನಷ್ಟು ಸೊರಗುತ್ತದೆ. ನಮ್ಮ ಬಿಸಿಲೂ ಅದಕ್ಕೆ ಶತ್ರು, ಶಾಖ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ಲೆಕ್ಕ.

ಇದಕ್ಕಾಗಿ ಬೋರ್ಡನ್ನೇ ಎಸೆಯುವುದು ಅನ್ಯಾಯ. ಟಿವಿ ರಿಪೇರಿಯ ನುರಿತ ಕೈಗೆ ಕೊಟ್ಟರೆ ಬೆಸುಗೆ ಬಿಡಿಸಿ ಹೊಸದು ಕೂರಿಸುತ್ತಾರೆ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟು ಅಷ್ಟೇ ಅಥವಾ ತುಸು ಹೆಚ್ಚಿರಲಿ, 105 ಡಿಗ್ರಿ ತಾಳುವಂಥದ್ದೇ ಆಗಲಿ ಎಂದು ಕೇಳಿ ಹಾಕಿಸಿ. ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್. ಕೀಳುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಅದಲುಬದಲಾಗುವ ಭಯವಿಲ್ಲ.

ಪರದೆ ಬಂದು ತಾರೀಖು ತಪ್ಪು ತೋರಿಸಿ ಎಫ್1 ಒತ್ತು ಎಂದರೆ ಬೋರ್ಡಿನ ಮೇಲಿನ ಬಟನ್ ಸೆಲ್ ಮುಗಿದಿದೆ. ಸಿಆರ್2032 ಎಂದು ಕೇಳಿದರೆ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಸೆಲ್ ಬದಲಿಸಿದ ಮೇಲೆ ಎಕ್ಸ್‌ಪಿ ನೀಲಿ ಪರದೆ ತೋರಿಸಿ 7ಬಿ ಎಂದು ಕೊನೆಯಾಗುವ ಸಂಖ್ಯೆ ಬರೆದರೆ ಗಾಬರಿ ಬೇಡ, ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸುವುದಂತೂ ಬೇಡವೇ ಬೇಡ. ಸೆಲ್ ಸತ್ತಾಗ, ಯಂತ್ರವನ್ನು ಮೊದಲು ಎಬ್ಬಿಸುವ ಬಯೋಸ್ ತನ್ನ ಹಳೆಯ ಸೆಟ್ಟಿಂಗ್ ಮರೆತು ಸಾಟಾ ಡಿಸ್ಕನ್ನು ಎಎಚ್‌ಸಿಐ ರೀತಿಯಲ್ಲಿ ಓದಲು ಹೊರಟಿರಬಹುದು. ಬಯೋಸ್ ಒಳಹೊಕ್ಕು ಅದನ್ನು ಐಡಿಇ ಎಂದು ಬದಲಿಸಿದರೆ ಎಷ್ಟೋ ಸಲ ವಿಂಡೋಸ್ ಏನೂ ಆಗದವರಂತೆ ಎದ್ದು ಕೂರುತ್ತದೆ. ಹೀಗೆ ಎದ್ದ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ.

ಇಷ್ಟೆಲ್ಲ ಮಾಡಿಯೂ ಬೋರ್ಡು ಏಳದಿದ್ದರೆ ಬೋರ್ಡಿನ ಆಸೆ ಬಿಡಿ, ಡಿಸ್ಕಿನದಲ್ಲ. ಹಾರ್ಡ್ ಡಿಸ್ಕನ್ನು ಬಿಚ್ಚಿ, ಐಡಿಇ ಮತ್ತು ಸಾಟಾ ಎರಡಕ್ಕೂ ಹೊಂದುವ ಯುಎಸ್‌ಬಿ ಅಡಾಪ್ಟರಿನಿಂದ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ದೊಡ್ಡ ಡಿಸ್ಕಿಗೆ 12 ವೋಲ್ಟು ಬೇರೆಯಾಗಿಯೇ ಬೇಕು, ಅಡಾಪ್ಟರಿನ ಜೊತೆ ಪವರ್ ಡಬ್ಬಿ ಇದೆಯೇ ನೋಡಿಕೊಂಡು ಕೊಳ್ಳಿ. ಡಿಸ್ಕ್ ಕಟ ಕಟ ಎಂದು ಒಂದೇ ಸಮನೆ ಬಡಿದುಕೊಂಡರೆ ತಕ್ಷಣ ಕರೆಂಟು ತೆಗೆಯಿರಿ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಒಳಗಿನ ತಟ್ಟೆ ಗೀರಾಗುತ್ತದೆ. ಮದುವೆಯ ಫೋಟೋವೋ ಲೆಕ್ಕದ ಪುಸ್ತಕವೋ ಅದರಲ್ಲಿದ್ದರೆ ಡೇಟಾ ತೆಗೆಯುವ ತಜ್ಞರಿಗೇ ಕೊಡಿ.

ಫೈಲು ನಕಲು ಮಾಡುವಾಗ ಕನ್ನಡದವರು ಮಾಡಲೇಬೇಕಾದ ಇನ್ನೊಂದು ಕೆಲಸವಿದೆ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಫೈಲುಗಳಲ್ಲಿ ಹೆಚ್ಚಿನವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು ಅವು. ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಅಳಿಸಿಹಾಕಿದವರಿದ್ದಾರೆ. ಕೆಟ್ಟಿರುವುದಿಲ್ಲ. ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಫೈಲುಗಳ ಜೊತೆಗೇ ನಕಲು ಮಾಡಿಕೊಂಡರೆ ಅಕ್ಷರ ಮರಳುತ್ತದೆ, ಆಮೇಲೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತರಬಹುದು. ಪೇಜ್‌ಮೇಕರ್ ಫೈಲುಗಳಿಗಾದರೆ ಆ ಹಳೆಯ ಯಂತ್ರವೇ ಎದ್ದರೆ ಚೆಂದ. ಒಮ್ಮೆ ತೆರೆದು ಪಿಡಿಎಫ್ ಮಾಡಿಟ್ಟುಕೊಳ್ಳಿ.

ಡಿಟಿಪಿ ಅಂಗಡಿ ಮುಚ್ಚಿದವರು, ನಿವೃತ್ತ ಶಿಕ್ಷಕರು, ಮುಳುಗಡೆ ಹೋರಾಟದ ಕಾಗದ ಬರೆದವರು ನಮ್ಮ ನಡುವೆ ಇನ್ನೂ ಇದ್ದಾರೆ. ಅಟ್ಟದ ಮೇಲೆ ಅಂಥದ್ದೊಂದು ಯಂತ್ರವಿದ್ದರೆ ಈ ದೀಪಾವಳಿಯ ಸ್ವಚ್ಛತೆಗೆ ಮುಂಚೆಯೇ ಕೆಳಗಿಳಿಸಿ. ತಗಡು ಗುಜರಿಗೆ ಹೋಗಲಿ, ಮಾನಿಟರ್ ಇ-ತ್ಯಾಜ್ಯದವರಿಗೆ ಹೋಗಲಿ. ಹಾರ್ಡ್ ಡಿಸ್ಕನ್ನು ಮಾತ್ರ, ಒಳಗಿನದು ಎರಡು ಕಡೆ ನಕಲಾಗುವವರೆಗೆ, ಯಾರಿಗೂ ಕೊಡಬೇಡಿ.