ಹಲ್ ಹೌಸ್: ನೆರೆಯವರಾಗಿ ನೆಲಸಿದವರ ಸೇವೆ

ನಗರಕ್ಕೆ ಹೊಸದಾಗಿ ಬಂದಿಳಿದ ಪರದೇಶಿಗೆ ನೆರವಾಗುವುದು ಪುಣ್ಯಕಾರ್ಯವೆಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಆದರೆ ಆ ನೆರವಿನಲ್ಲಿ ಕೊಡುವವರ ಅಧಿಕಾರವೆಷ್ಟು, ಪಡೆಯುವವರ ಸ್ವಾತಂತ್ರ್ಯವೆಷ್ಟು ಎಂದು ತಮ್ಮನ್ನು ತಾವೇ ಕೇಳಿಕೊಂಡ ದಾನಸಂಸ್ಥೆಗಳು ವಿರಳ. ಆ ವಿರಳವರ್ಗಕ್ಕೆ ಸೇರಿದುದು ಅಮೆರಿಕದ ಷಿಕಾಗೊ ನಗರದ ಹಲ್ ಹೌಸ್. ಲಂಡನ್ನಿನ ಪೂರ್ವಭಾಗದ ಬಡಕೇರಿಗಳ ನಡುವೆ 1884ರಲ್ಲಿ ಸ್ಥಾಪಿತವಾಗಿದ್ದ ಟಾಯ್ನ್‌ಬಿ ಹಾಲ್ ಅನ್ನು ಕಂಡು ಪ್ರೇರಿತರಾದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡಗೂಡಿ 1889ರ ಸೆಪ್ಟೆಂಬರಿನಲ್ಲಿ ಹಾಲ್‌ಸ್ಟೆಡ್ ಬೀದಿಯ ಹಳೆಯ ಬಂಗಲೆಯೊಂದರಲ್ಲಿ ಬಿಡಾರ ಹೂಡಿದರು. ಸುತ್ತಲೂ ಇಟಲಿಯವರು, ಜರ್ಮನರು, ಬೊಹೀಮಿಯದವರು, ಪೋಲೆಂಡ್ ರಷ್ಯಗಳಿಂದ ಬಂದ ಯೆಹೂದ್ಯರು. ಇಕ್ಕಟ್ಟಾದ ಮರದ ಮನೆಗಳು, ಕಸ ಕೊಳೆಯುವ ಓಣಿಗಳು, ವಾಸದ ಕೋಣೆಗಳಲ್ಲಿಯೇ ಕೂಲಿಗೆ ಬಟ್ಟೆ ಹೊಲಿಯುವ ಹೆಂಗಸರು, ಮಕ್ಕಳು. ಇವರ ನಡುವೆ ನೆರೆಯವರಾಗಿ ನೆಲಸುವುದೇ ಮೊದಲನೆಯ ಸೇವೆಯೆಂಬುದು ಈ ಪ್ರಯೋಗದ ಮೂಲತತ್ತ್ವ.

ಆ ಕಾಲದ ವ್ಯವಸ್ಥಿತ ದಾನಪದ್ಧತಿಯು, ಬೇಡಿಬಂದವನ ಮನೆಗೆ ಪರೀಕ್ಷಕರನ್ನು ಕಳುಹಿಸಿ, ಅವನ ನಡತೆಯನ್ನು ವಿಚಾರಿಸಿ, ಪಾತ್ರನೋ ಅಪಾತ್ರನೋ ಎಂಬುದನ್ನು ನಿರ್ಣಯಿಸಿದ ತರುವಾಯವೇ ಕೈ ನೀಡುತ್ತಿದ್ದಿತು. ಈ ಕ್ರಮದ ಕಾಠಿಣ್ಯವನ್ನು ಆಡಮ್ಸ್ ತಮ್ಮಿಂದಲೇ ಘಟಿಸಿದ ಒಂದು ಅನರ್ಥದ ಮೂಲಕ ಅರಿತರು. 1893ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸ ಕಳೆದುಕೊಂಡು ನೆರವು ಕೇಳಬಂದ ಗುಮಾಸ್ತನೊಬ್ಬನಿಗೆ, ಕಾಲುವೆ ತೋಡುವ ಕೂಲಿ ದೊರೆಯುವಂತಿರುವಾಗ ಮೊದಲು ಅದನ್ನು ಪ್ರಯತ್ನಿಸಬೇಕೆಂದು ಅವರು ನಿಯಮದಂತೆ ಸೂಚಿಸಿದರು. ಒಳಗೆ ಕುಳಿತು ದುಡಿದ ತನ್ನ ಮೈಗೆ ಹೊರಗಿನ ಚಳಿ ತಡೆಯದೆಂದು ಹೇಳಿದರೂ ಅವನು ಹೋದನು. ಎರಡು ದಿನ ಅಗೆದನು. ನ್ಯುಮೋನಿಯ ತಗಲಿ ಒಂದು ವಾರದಲ್ಲಿ ತೀರಿಕೊಂಡನು. 1910ರಲ್ಲಿ ಪ್ರಕಟಿಸಿದ ಹಲ್ ಹೌಸಿನ ತಮ್ಮ ಇಪ್ಪತ್ತು ವರ್ಷಗಳ ಕಥನದಲ್ಲಿ ಈ ಪ್ರಸಂಗವನ್ನು ಅವರು ಮರೆಮಾಚದೆ ನಿವೇದಿಸಿದ್ದಾರೆ. ಉಪಕಾರಿಗಳು ಬರೆದ ಗ್ರಂಥಗಳಲ್ಲಿ ಇಂತಹ ಸತ್ಯನಿಷ್ಠೆ ಅಪೂರ್ವವಾದುದು, ಪೂಜ್ಯವಾದುದು.

ತಿದ್ದಿಕೊಳ್ಳುವ ಈ ಶಕ್ತಿಯೇ ಹಲ್ ಹೌಸಿನ ನಿಜವಾದ ಹಿರಿಮೆ. ಪೋಷಣಶಾಸ್ತ್ರಕ್ಕೆ ಅನುಸಾರವಾಗಿ ಬೇಯಿಸಿ ಅಗ್ಗದ ಬೆಲೆಗೆ ಮಾರುವ ಅಡಿಗೆಮನೆಯೊಂದನ್ನು ಅವರು ತೆರೆದಾಗ, ತಮ್ಮ ತಮ್ಮ ನಾಡಿನ ರುಚಿಯನ್ನು ಬಿಟ್ಟುಕೊಡಲು ನೆರೆಯವರು ಒಪ್ಪಲಿಲ್ಲ. ಹಸಿದವನಿಗೂ ಅಭಿರುಚಿಯೆಂಬುದು ಉಂಟೆಂದು ಸುಧಾರಕರು ಕಲಿತರು. 1900ರಲ್ಲಿ ಆರಂಭವಾದ ಶ್ರಮ ಸಂಗ್ರಹಾಲಯವು ಇದಕ್ಕಿಂತ ಮುಂದಿನ ಹೆಜ್ಜೆ. ಕಾರ್ಖಾನೆ ಸೇರಿ ಇಂಗ್ಲಿಷ್ ಕಲಿತು ಹಳ್ಳಿಯ ತಾಯಿಯನ್ನು ಕಂಡು ನಾಚುತ್ತಿದ್ದ ಮಕ್ಕಳ ಎದುರಿನಲ್ಲಿ, ಆ ತಾಯಂದಿರೇ ಕದಿರು ರಾಟೆಗಳನ್ನು ಹಿಡಿದು ನೂಲು ತೆಗೆದು, ನೋಡಬಂದವರಿಗೆ ಗುರುಗಳಾದರು. ತಾಯಿಯ ಕೈಚಳಕವನ್ನು ಇತರರು ಹೊಗಳುವುದನ್ನು ಕೇಳಿದ ಇಟಲಿಯ ಬಾಲಕಿಯೊಬ್ಬಳ ಮನಸ್ಸು ತಿರುಗಿದ ವೃತ್ತಾಂತವನ್ನು ಆಡಮ್ಸ್ ವರ್ಣಿಸಿದ್ದಾರೆ. ಅನ್ನವಸ್ತ್ರಗಳಷ್ಟೇ ಅಗತ್ಯವಾದ ಗೌರವವನ್ನು ವಲಸಿಗನಿಗೆ ದೊರಕಿಸಿದ ಕಾರ್ಯವಿದು.

ಆದರೂ ಕರುಣೆಯಿಂದ ಮಾತ್ರ ಓಣಿಯ ಕಸ ಕರಗುವುದಿಲ್ಲ. 1895ರಲ್ಲಿ ಆಡಮ್ಸ್ ತಾವೇ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರಾಗಿ ಮುಂಜಾನೆಯೇ ಗಾಡಿಗಳ ಬೆನ್ನು ಹತ್ತಿದರು. ಹಲ್ ಹೌಸಿನಲ್ಲಿಯೇ ವಾಸವಾಗಿದ್ದ ಫ್ಲಾರೆನ್ಸ್ ಕೆಲ್ಲಿ ಮನೆಮನೆಯ ಹೊಲಿಗೆಕೂಲಿಯನ್ನು ಪರಿಶೀಲಿಸಿ, ಇಲಿನಾಯ್ ಸಂಸ್ಥಾನದಲ್ಲಿ 1893ರ ಕಾರ್ಖಾನೆ ಕಾನೂನು ಜಾರಿಗೆ ಬರಲು ಕಾರಣರಾದರು. ಹೆಂಗಸರಿಗೆ ಎಂಟು ಗಂಟೆಯ ದುಡಿಮೆಯೆಂಬ ಅದರ ವಿಧಿಯನ್ನು ನ್ಯಾಯಾಲಯವು 1895ರಲ್ಲಿ ತೊಡೆದುಹಾಕಿದರೂ, ದಾನಕ್ಕಿಂತ ನ್ಯಾಯ ದೊಡ್ಡದೆಂಬ ದೃಷ್ಟಿ ನೆಲೆಗೊಂಡಿತು. 1908ರಲ್ಲಿ ಸ್ಥಾಪಿತವಾಗಿ ಗ್ರೇಸ್ ಆಬಟ್ ಅವರ ನೇತೃತ್ವದಲ್ಲಿ ನಡೆದ ವಲಸಿಗರ ರಕ್ಷಣಾ ಸಂಘವು, ಒಂಟಿಯಾಗಿ ರೈಲಿಳಿದ ತರುಣಿಯರು ವಂಚಕರ ಕೈಗೆ ಸಿಕ್ಕದೆ ಸರಿಯಾದ ವಿಳಾಸವನ್ನು ಮುಟ್ಟುವಂತೆ ಶ್ರಮಿಸಿತು.

ಗುಣವನ್ನು ಹೇಳಿದವರು ನ್ಯೂನತೆಯನ್ನೂ ಹೇಳಬೇಕು. ಸಮುದ್ರ ದಾಟಿ ಬಂದವರಿಗೆ ತೆರೆದ ಇಂತಹ ಮಂದಿರಗಳ ಬಾಗಿಲು, ಅದೇ ದೇಶದ ದಕ್ಷಿಣಭಾಗದಿಂದ ಬಂದ ಕರಿಯ ಜನಾಂಗದವರಿಗೆ ಅಷ್ಟು ಧಾರಾಳವಾಗಿ ತೆರೆಯಲಿಲ್ಲ. ಅವರಿಗೆ ವಸತಿಯನ್ನೂ ಉದ್ಯೋಗವನ್ನೂ ಒದಗಿಸಲು ಐಡಾ ವೆಲ್ಸ್ 1910ರಲ್ಲಿ ಅದೇ ಷಿಕಾಗೊದಲ್ಲಿ ಬೇರೊಂದು ಸಂಘವನ್ನೇ ಕಟ್ಟಬೇಕಾಯಿತು. ಆಡಮ್ಸ್ ಸ್ವತಃ ಆ ಜನಾಂಗದ ಹಕ್ಕುಗಳ ಪರವಾಗಿ ನಿಂತವರೆಂಬುದು ನಿಜ. ಆದರೆ ವ್ಯಕ್ತಿಯ ಔದಾರ್ಯವು ಇಂತಹ ಮಂದಿರಗಳ ಇಡೀ ಆಂದೋಲನದ ಕೊರತೆಯನ್ನು ತುಂಬಲಾರದು. ಅಲ್ಲದೆ, ನೆರೆಯವರ ಬಾಳಿನ ಆಗುಹೋಗುಗಳನ್ನು ಕುರಿತ ನಿರ್ಧಾರಗಳು ಬಹುಮಟ್ಟಿಗೆ ಮಂದಿರಗಳಲ್ಲಿ ನೆಲಸಿದ ಸುಶಿಕ್ಷಿತರ ಕೈಯಲ್ಲಿಯೇ ಉಳಿದುವು.

ಇಷ್ಟಾದರೂ ತೂಗಿ ನೋಡಿದರೆ ಹಲ್ ಹೌಸಿನ ಸಾಧನೆ ಮಹತ್ತಾದುದೇ ಸರಿ. ಉಪಕಾರಕ್ಕೆ ಅದು ಒದಗಿಸಿದ ಅಳತೆಗೋಲಿನಿಂದಲೇ ಅದರ ಲೋಪಗಳನ್ನೂ ನಾವು ಅಳೆಯುತ್ತಿದ್ದೇವೆ: ಹಂಚಿದ ಬಟ್ಟಲುಗಳನ್ನು ಎಣಿಸುವುದು ಸಾಲದು, ನೆರವು ಪಡೆದವನ ಮಾತಿಗೆ ನೆರವು ಕೊಟ್ಟವರು ಎಷ್ಟರ ಮಟ್ಟಿಗೆ ತಮ್ಮ ಕ್ರಮವನ್ನು ಬದಲಿಸಿಕೊಂಡರೆಂಬುದನ್ನು ವಿಚಾರಿಸತಕ್ಕದ್ದು. ನಗರಗಳಿಗೆ ಜನ ಹರಿದುಬರುತ್ತಿರುವವರೆಗೆ ಪ್ರತಿಯೊಂದು ಸೇವಾಸಂಸ್ಥೆಯೂ ಈ ಪ್ರಶ್ನೆಗೆ ಉತ್ತರ ಕೊಡಲು ಬದ್ಧವಾಗಿದೆ.