ನಿನೆವೆಯ ದನಗಳನ್ನು ಏನಂತ ಕರೆಯೋದು?

ಬೈಬಲಿನ ಯೋನನ ಪುಸ್ತಕ ಮುಗಿಯೋದು ಒಂದು ಪ್ರಶ್ನೆಯಿಂದ. ಎಡಗೈ ಯಾವುದು ಬಲಗೈ ಯಾವುದು ಅಂತ ತಿಳಿಯದ 1,20,000ಕ್ಕೂ ಹೆಚ್ಚು ಜನ ಇರುವ ಈ ಊರಿನ ಬಗ್ಗೆ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾನೆ. ಮಾತನ್ನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಊರಿನ ಪ್ರಾಣಿಗಳನ್ನೂ ಲೆಕ್ಕಕ್ಕೆ ಸೇರಿಸುತ್ತಾನೆ. ಹೀಬ್ರೂ ಮೂಲದಲ್ಲಿ ಇಡೀ ಪುಸ್ತಕದ ಕೊನೆಯ ಎರಡು ಪದಗಳು 'ಬೆಹೇಮಾ ರಬ್ಬಾ'. ರಬ್ಬಾ ಅಂದರೆ ಬಹಳ. ಬೆಹೇಮಾ ಅಂದರೆ?

1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ ಇಲ್ಲಿ 'ಕ್ಯಾಟಲ್' ಅನ್ನುತ್ತದೆ. ಅದೇ ಅನುವಾದದಲ್ಲಿ ಒಂದು ಅಧ್ಯಾಯ ಹಿಂದೆ ಹೋಗಿ ನೋಡಿ, ಅದೇ ಬೆಹೇಮಾ 'ಬೀಸ್ಟ್' ಆಗಿದೆ. ಒಂದು ಪದಕ್ಕೆ ಎರಡು ಅನುವಾದ ಇರಲಿ, ಅದು ನಡೆಯುತ್ತೆ. ಆದರೆ 'ಕ್ಯಾಟಲ್' ಮೂಲದಲ್ಲಿ ಆಸ್ತಿ ಅನ್ನೋ ಅರ್ಥದ ಪದ, 'ಕ್ಯಾಪಿಟಲ್'ನ ನೆಂಟ. ಆಸ್ತಿಯಾದ ಪ್ರಾಣಿ ಅನ್ನೋದಕ್ಕೆ ಹೀಬ್ರೂವಿನಲ್ಲಿ ಬೇರೆಯೇ ಪದ ಇದೆ, 'ಮಿಕ್ನೆ'. 'ಕಾನಾ', ಅಂದರೆ ಪಡೆ ಅಥವಾ ಕೊಂಡುಕೋ, ಎಂಬ ಧಾತುವಿನಿಂದ ಹುಟ್ಟಿದ್ದು. ಗುಡಾರದಲ್ಲಿ ವಾಸಿಸುವ ಪಶುಪಾಲಕರ ಮೂಲಪುರುಷ ಯಾಬಾಲನ ಹೆಸರಿನ ಜೊತೆ ಬರೋದು ಮಿಕ್ನೆ. ಅಬ್ರಾಮನ ಸಿರಿವಂತಿಕೆಯನ್ನು ಹೇಳುವಾಗ ಬೆಳ್ಳಿಬಂಗಾರದ ಪಕ್ಕದಲ್ಲಿ ನಿಲ್ಲೋದೂ ಮಿಕ್ನೆಯೇ. ಅದು ಪ್ರಾಣಿಯನ್ನು ಯಜಮಾನನ ಕಡೆಯಿಂದ ನೋಡುವ ಪದ. ಯೋನನ ಪುಸ್ತಕದಲ್ಲಿ ಅದು ಒಮ್ಮೆಯೂ ಬರೋದಿಲ್ಲ.

ಈ ವ್ಯತ್ಯಾಸ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ವಿಮೋಚನಕಾಂಡದ 9ನೇ ಅಧ್ಯಾಯ ಓದಬೇಕು. ಐಗುಪ್ತದ ಮೇಲೆ ಬಂದ ಐದನೇ ಬಾಧೆ ರೋಗ. ಐಗುಪ್ತ್ಯರ ಮಿಕ್ನೆಯೆಲ್ಲ ಸತ್ತಿತು, ಇಸ್ರಾಯೇಲರದ್ದು ಒಂದೂ ಸಾಯಲಿಲ್ಲ ಎಂದು ಲೆಕ್ಕ ಹಾಕಲಾಗುತ್ತದೆ. ಯಾರದ್ದು ಸತ್ತಿತು, ಯಾರದ್ದು ಉಳಿಯಿತು ಎಂಬುದೇ ಅಲ್ಲಿನ ವಿಷಯ, ಹಾಗಾಗಿ ಒಡೆತನದ ಪದ. ಮುಂದಿನ ಬಾಧೆ ಹುಣ್ಣು. ಅದು ಏಳೋದು ಮನುಷ್ಯರ ಮೇಲೆ ಮತ್ತು ಬೆಹೇಮಾದ ಮೇಲೆ. ಚರ್ಮಕ್ಕೆ ನೋವಾಗುವ ಹೊತ್ತಿಗೆ ಪದ ಬದಲಾಯಿತು! ಆಮೇಲೆ ಆಲಿಕಲ್ಲು. ನಿನ್ನ ಮಿಕ್ನೆಯನ್ನು ಒಳಗೆ ಸೇರಿಸಿಕೋ ಎಂದು ಫರೋಹನಿಗೆ ಎಚ್ಚರಿಕೆ. ಅದೇ ವಾಕ್ಯ ಮುಂದುವರಿದು ಹೊಲದಲ್ಲಿ ಸಿಕ್ಕಿ ಸಾಯುವವರ ಮಾತು ಬಂದಾಗ 'ಮನುಷ್ಯ ಮತ್ತು ಬೆಹೇಮಾ'. ರೋಗದಲ್ಲಿ ಎಲ್ಲವೂ ಸತ್ತ ಮೇಲೆ ಆಲಿಕಲ್ಲಿಗೆ ದನ ಎಲ್ಲಿಂದ ಬಂತು ಅಂತ ಜಗಳಕ್ಕೆ ಕೂರುವವರು ಇದ್ದಾರೆ. ಸತ್ತದ್ದು ಹೊಲದಲ್ಲಿದ್ದವು ಮಾತ್ರ ಅಂತ ಹಳೇ ಉತ್ತರವೂ ಇದೆ. ಆ ಗದ್ದಲದಲ್ಲಿ ಪದ ಬದಲಾಗಿದ್ದನ್ನು ಗಮನಿಸುವವರು ಕಡಿಮೆ.

ಇದನ್ನು ಕಟ್ಟುನಿಟ್ಟಿನ ನಿಯಮ ಅಂತ ನಾನು ಹೇಳ್ತಾ ಇಲ್ಲ. ಬೆಹೇಮಾಕ್ಕೂ ಒಡೆಯರಿದ್ದಾರೆ, ಬಲಿಗೆ ಕೊಡೋದೂ ಅದನ್ನೇ. ಮರುಭೂಮಿಯಲ್ಲಿ ನಮ್ಮನ್ನೂ ಮಕ್ಕಳನ್ನೂ ಮಿಕ್ನೆಯನ್ನೂ ಬಾಯಾರಿಸಿ ಸಾಯಿಸಲು ಕರೆತಂದೆಯಾ ಎಂದು ಜನ ಮೋಶೆಯ ಮೇಲೆ ಏರಿ ಬರುತ್ತಾರೆ. ಬಾಯಾರಿಕೆ ಮೈಯ ಸಂಕಟ ತಾನೇ? ಆದರೆ ದೂರುತ್ತಿರುವವರು ಯಜಮಾನರು. ಇನ್ನೊಂದು ಕಡೆ, ಸಬ್ಬತ್ತಿನ ಆಜ್ಞೆ ಏಳನೇ ದಿನ ಬಿಡುವು ಕೊಡೋದು ಬೆಹೇಮಾಕ್ಕೆ. ನೀತಿವಂತ ತನ್ನ ಪ್ರಾಣಿಯ ಜೀವವನ್ನು ಅರಿಯುತ್ತಾನೆ ಎನ್ನುವ ಜ್ಞಾನೋಕ್ತಿಯಲ್ಲೂ ಬೆಹೇಮಾ. ಬೈಬಲಿಗೆ ಪ್ರಾಣಿ ಅಂದರೆ ಬರೀ ಸ್ವತ್ತು ಅಂತ ಒಂದೇ ಏಟಿಗೆ ತೀರ್ಪು ಕೊಡೋರು ಇಷ್ಟನ್ನಾದರೂ ನೋಡಬೇಕಿತ್ತು.

ಹಾಗಂತ ಸ್ವತ್ತಿನ ಕಥೆ ಸಣ್ಣದಲ್ಲ. ಆದಿಕಾಂಡದ 47ನೇ ಅಧ್ಯಾಯದ ಬರಗಾಲ ಓದಿದರೆ ಮೈ ಜುಂ ಅನ್ನುತ್ತೆ. ಹಣ ಮುಗಿದ ಮೇಲೆ ಐಗುಪ್ತದ ಜನ ಯೋಸೇಫನಿಗೆ ತಮ್ಮ ಮಿಕ್ನೆ ಕೊಟ್ಟು ಧಾನ್ಯ ತರುತ್ತಾರೆ. ಕುದುರೆ, ಕುರಿ, ದನ, ಕತ್ತೆ. ಮರುವರ್ಷ ಬಂದು, ಬೆಹೇಮಾದ ಮಿಕ್ನೆಯೂ ನಿಮ್ಮ ಪಾಲಾಯಿತು, ಇನ್ನು ನಮ್ಮ ಮೈ ಮತ್ತು ನೆಲ ಬಿಟ್ಟರೆ ಏನೂ ಇಲ್ಲ ಅನ್ನುತ್ತಾರೆ. ಎರಡೂ ಪದ ಒಟ್ಟಿಗೆ ಬರುವ ಜಾಗ ಇದು. ಹಿಂದೆಯೇ, ರೊಟ್ಟಿಗಾಗಿ ನಮ್ಮನ್ನೂ ಕೊಂಡುಕೋ ಎನ್ನುತ್ತಾರೆ. ಆ 'ಕೊಂಡುಕೋ' ಎಂಬ ಕ್ರಿಯಾಪದ ಮಿಕ್ನೆಯ ಧಾತುವಿನದೇ. ದನ ಹೋದ ದಾರಿಯಲ್ಲೇ ಮನುಷ್ಯ. ಅನುವಾದದಲ್ಲಿ ಈ ಕೊಂಡಿ ಕಳಚಿಬಿಟ್ಟರೆ ಅದು ಬರೀ ಯೋಸೇಫನ ಆಡಳಿತದ ಜಾಣತನದ ಕಥೆ ಆಗಿಬಿಡುತ್ತೆ.

ಕನ್ನಡದಲ್ಲಿ ಏನು ಮಾಡೋದು? ಮಿಕ್ನೆಗೆ 'ದನ' ಸಾಕು ಅನ್ನಿಸುತ್ತೆ. ಅದನ್ನು 'ಧನ'ದ ತದ್ಭವ ಅಂತಲೇ ಹೇಳುವುದು ವಾಡಿಕೆ. ಕುರಿ ಕತ್ತೆಗಳು ಹೊರಗುಳಿಯುತ್ತವೆ ಅನ್ನೋದು ನಿಜ, ಆಗ 'ದನಕರು', 'ಜಾನುವಾರು' ಇವೆ. ಬೆಹೇಮಾಕ್ಕೆ 'ಪಶು' ಅನ್ನಬಹುದು, ಆದರೆ ಅದು ಬೈಗುಳವೂ ಹೌದು. ನನ್ನ ಮತ 'ಮೂಕಪ್ರಾಣಿ'ಗೆ. ಬೆಹೇಮಾದ ಧಾತುವಿಗೆ ಕೆಲವು ನಿಘಂಟುಗಳು ಅರಬ್ಬಿ ಮತ್ತು ಇಥಿಯೋಪಿಯಾದ ಗೀಝ್ ಭಾಷೆಯ ಸೋದರ ಪದಗಳ ಆಧಾರದಿಂದ ಊಹಿಸುವ ಅರ್ಥವೂ ಅದೇ, ಮಾತಿಲ್ಲದ್ದು. ನಮ್ಮ ಹಳ್ಳಿಗಳಲ್ಲಿ ಹೊಡೆಯುವ ಕೈ ತಡೆಯುವಾಗ ಬಾಯಿಗೆ ಬರೋ ಪದವೂ ಅದೇ.

ಒಂದೇ ತೊಡಕು. ನಿನೆವೆಯ ರಾಜ ಉಪವಾಸದ ಆಜ್ಞೆ ಹೊರಡಿಸಿದಾಗ ಮನುಷ್ಯರ ಜೊತೆ ಬೆಹೇಮಾಕ್ಕೂ ಗೋಣಿತಟ್ಟು ಹೊದಿಸಿ, ದೇವರಿಗೆ ಗಟ್ಟಿಯಾಗಿ ಮೊರೆಯಿಡಲಿ ಎನ್ನುತ್ತಾನೆ. ವ್ಯಾಕರಣದ ಪ್ರಕಾರ ಆ ಮೊರೆಯಲ್ಲಿ ಪ್ರಾಣಿಗಳನ್ನೂ ಸೇರಿಸಿಕೊಂಡು ಓದಬಹುದು. ಮೇವಿಲ್ಲ, ನೀರಿಲ್ಲ, ಊರು ತುಂಬ ಅವುಗಳ ಅರಚಾಟ. ಆ ದಿನ ನಿನೆವೆಯಲ್ಲಿ ಮೂಕಪ್ರಾಣಿಗಳು ಮೂಕವಾಗಿರಲಿಲ್ಲ.